ಅಣ್ಣನನ್ನು ಮೇಜಿಗೆ ಕೂರಿಸಿದ ಚಳಿಗಾಲ

ಸ್ಟೆಫಾ ಹ್ರಿಂಚುಕ್‌ಗೆ ಆಡಲು ಬರುತ್ತಿರಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ನನ್ನ ಮೇಲೆ ಮುನಿಸಿಕೊಳ್ಳಬಾರದು. ವಿನ್ನಿಪೆಗ್‌ನ ನಾರ್ತ್ ಎಂಡ್ ಕ್ಲಬ್ಬಿನಲ್ಲಿ ಮಂಗಳವಾರ ಹೆಂಗಸರು ಕರ್ಲಿಂಗ್ ಆಡುತ್ತೇವೆ. ಇಪ್ಪತ್ತು ಕಿಲೋ ತೂಕದ ದುಂಡು ಕಲ್ಲನ್ನು ಐಸಿನ ಮೇಲೆ ಜಾರಿಸಿ, ಆ ತುದಿಯಲ್ಲಿ ಬಣ್ಣದ ಸುತ್ತುಗಳಿಂದ ಬರೆದ ಮನೆಯ ನಟ್ಟನಡುವೆ ನಿಲ್ಲಿಸಬೇಕು. ಇಬ್ಬರು ಪೊರಕೆ ಹಿಡಿದು ಕಲ್ಲಿನ ಮುಂದೆ ಐಸ್ ಉಜ್ಜುತ್ತ ಓಡಬೇಕು. ಉಜ್ಜಿದಷ್ಟೂ ಕಲ್ಲು ಮುಂದೆ ಹೋಗುತ್ತದೆ. ಸ್ಟೆಫಾ ನಾಯಕಿಯಾಗಿದ್ದ ನಮ್ಮ ನಾಲ್ವರ ತಂಡ ಸೋಲಿಗೇ ಹೆಸರುವಾಸಿ. ನಾವು ಆಡುತ್ತಿದ್ದದ್ದು ಆಟ ಮುಗಿದ ಮೇಲೆ ಮಹಡಿಯ ಮೇಲೆ ಸಿಗುವ ಬಿಸಿ ಸೂಪಿಗಾಗಿ ಎಂದು ಇಡೀ ಕ್ಲಬ್ ಆಡಿಕೊಳ್ಳುತ್ತಿತ್ತು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ನಾನು ಲೂರ್ದೆಸ್. ಮನಿಲಾದಿಂದ ಬಂದವಳು, ಈಗ ಇಲ್ಲಿಯ ಚಳಿಯನ್ನು ಬಯ್ಯುವ ಹಕ್ಕು ಗಳಿಸುವಷ್ಟು ಹಳಬಳು. ಎಲ್ಲರಿಗೂ ‘ಲೂ’. ಸ್ಟೆಫಾ ಮತ್ತು ನಾನು ಆಸ್ಪತ್ರೆಯ ಅಡುಗೆಮನೆಯಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದೆವು. ಅದಕ್ಕೂ ಮುಂಚೆ ಸೆಲ್ಕರ್ಕ್ ರಸ್ತೆಯಲ್ಲಿ ಅವಳ ಅಮ್ಮ ಪರಸ್ಕಾಳ ಹೋಟೆಲಿತ್ತು, ಸ್ಟೆಫಾ ಅಲ್ಲೇ ಬಡಿಸುತ್ತಿದ್ದಳು. ಆಲೂಗಡ್ಡೆ ಹೂರಣ ತುಂಬಿದ ಪೆರೋಗಿ, ಕೆಂಪು ಬೀಟ್‌ರೂಟ್ ಸಾರು, ಎಲೆಕೋಸಿನ ಸುರುಳಿ. ಶುಕ್ರವಾರ ಬಾಗಿಲಾಚೆಗೂ ಜನ ನಿಲ್ಲುತ್ತಿದ್ದರು. ಅಂಥದೊಂದು ಶುಕ್ರವಾರವೇ ಪರಸ್ಕಾ ಒಲೆಯ ಮುಂದೆ ಕುಸಿದು ಬಿದ್ದಳು. ಮತ್ತೆ ಏಳಲಿಲ್ಲ.

ಮಣ್ಣು ಮಾಡಿ ಬಂದು ಚರ್ಚಿನ ಹಾಲ್‌ನಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ ಸ್ಟೆಫಾಳ ಅಣ್ಣ ಓರೆಸ್ಟ್ ಎದ್ದು ನಿಂತ. ತಟ್ಟೆ ಹಿಡಿದಿದ್ದ ತಂಗಿಗೆ ಊರೆಲ್ಲ ಕೇಳುವಂತೆ, “ನೀನೇ ಅಮ್ಮನ್ನ ಒಲೆ ಮುಂದೆ ನಿಲ್ಸಿ ಸಾಯ್ಸಿದ್ದು,” ಎಂದ. ಸ್ಟೆಫಾ ಮರುಮಾತಾಡಲಿಲ್ಲ. ಬಾಯಿಗೆ ಬಾಯಿ ಕೊಡುವುದರಲ್ಲಿ ಅವಳಿಗೆ ಸಮ ಯಾರೂ ಇಲ್ಲ, ಆದರೂ ಅಂದು ತಟ್ಟೆ ಕೆಳಗಿಟ್ಟು ಹೊರಗೆ ಹೋದಳು. ಹೋಟೆಲ್ ಮತ್ತೆ ತೆರೆಯಲಿಲ್ಲ. ಆಮೇಲೆ ವರ್ಷಗಟ್ಟಲೆ ಅವರಿಬ್ಬರ ನಡುವೆ ಒಂದು ಮಾತಿಲ್ಲ. ಇವಳು ಮನೆಗೆ ಹೋದರೆ ಅವನ ಹೆಂಡತಿ ಬಾಗಿಲಲ್ಲೇ ನಿಂತು “ಅವ್ರು ಇಲ್ಲ” ಅನ್ನುತ್ತಿದ್ದಳು, ಒಳಗೆ ಅವನ ಕೆಮ್ಮು ಕೇಳಿಸುತ್ತಿದ್ದರೂ. ಯಾರದೋ ಮದುವೆಗೆ ದುಡ್ಡು ಕೂಡಿಸುವ ಕುಣಿತದ ಕೂಟದಲ್ಲಿ ಇವಳನ್ನು ಕಂಡದ್ದೇ ಅವನು ಕೋಟು ಹಾಕಿಕೊಂಡು ಹೊರಟುಬಿಟ್ಟಿದ್ದ, ಬಡಿಸಿದ ರೈ ಬ್ರೆಡ್ಡನ್ನೂ ಮುಟ್ಟದೆ. ರೈ ಬ್ರೆಡ್ ಬಿಟ್ಟು ಹೋಗುವ ಉಕ್ರೇನಿನವನನ್ನು ನಾನು ಅದುವರೆಗೆ ನೋಡಿರಲಿಲ್ಲ.

ಆ ನವೆಂಬರಿನಲ್ಲಿ ಓರೆಸ್ಟ್‌ನ ಮನೆ ಮುಂದೆ ಮಾರಾಟದ ಫಲಕ ಎದ್ದಿತು. ವಸಂತ ಬಂದ ಕೂಡಲೇ ಬೆಟ್ಟಗಳಾಚೆ ಮಗಳಿರುವ ಕೆಲೋನಾಕ್ಕೆ ಹೊರಟುಹೋಗುವನಂತೆ. ಮರುದಿನ ಕೆಲಸದಲ್ಲಿ ಸ್ಟೆಫಾ ಕ್ಯಾರೆಟ್ ಹೆಚ್ಚುತ್ತಿದ್ದವಳು ಚಾಕು ನಿಲ್ಲಿಸಿದಳು.

“ಲೂ, ಅವ್ನು ಹೊರಟೋದ್ರೆ ಮುಗೀತು. ಆಮೇಲೆ ನಾನು ಅವ್ನನ್ನ ನೋಡೋದು ಪೆಟ್ಟಿಗೇಲೇ.”

“ಹಾಗಾದ್ರೆ ಹೋಗಿ ಮಾತಾಡು.”

“ಎಲ್ಲಿ? ನನ್ನ ಕಂಡ್ರೆ ಕೋಟು ಹಾಕ್ಕೋತಾನೆ. ಅವ್ನು ಎದ್ದು ಹೋಗದೇ ಇರೋ ಜಾಗ ಈ ಊರಲ್ಲಿ ಒಂದೇ ಒಂದು. ಐಸಿಂದ ಇಳಿದ ಮೇಲೆ ಏನು ಪದ್ಧತಿ, ಹೇಳು?”

ನನಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಕರ್ಲಿಂಗ್ ಆಡುವವರ ಪದ್ಧತಿ ಇದು: ಆಟ ಮುಗಿದ ಮೇಲೆ ಎರಡೂ ತಂಡ ಒಂದೇ ಮೇಜಿಗೆ ಕೂರಬೇಕು. ಗೆದ್ದ ನಾಯಕ ಸೋತ ನಾಯಕನನ್ನು ಏನು ಕುಡಿಯುತ್ತೀಯ ಎಂದು ತಾನೇ ಕೇಳಿ ತರಿಸಬೇಕು. ಲೋಟ ಬರಿದಾಗುವವರೆಗೆ ಯಾರೂ ಏಳುವಂತಿಲ್ಲ. ಎಷ್ಟೇ ಜಗಳವಿರಲಿ, ಮೇಜಿಗೆ ಬೆನ್ನು ತಿರುಗಿಸಿದವನನ್ನು ಮತ್ತೆ ಯಾರೂ ಆಟಕ್ಕೆ ಕರೆಯುವುದಿಲ್ಲ. ಓರೆಸ್ಟ್ ನಮ್ಮ ಕ್ಲಬ್ಬಿನ ಐಸ್ ನೋಡಿಕೊಳ್ಳುವ ಹಿರಿಯ, ತಂಗಿ ಆಡುವ ಮಂಗಳವಾರ ಮಾತ್ರ ಅತ್ತ ಸುಳಿಯದವನು. ಹಿಂದೊಮ್ಮೆ ಸೋತ ಸಿಟ್ಟಿಗೆ ಹೊರಟುಹೋಗುತ್ತಿದ್ದ ಒಬ್ಬನನ್ನು ಕಾರಿನವರೆಗೂ ಅಟ್ಟಿಸಿಕೊಂಡು ಹೋಗಿ, ಕಾಲರ್ ಹಿಡಿದು ವಾಪಸ್ಸು ತಂದು ಕೂರಿಸಿದ್ದ.

“ಮಾರ್ಚಿನ ಪಂದ್ಯಾವಳಿ,” ಎಂದಳು ಸ್ಟೆಫಾ. “ಅದ್ರಲ್ಲಿ ಗಂಡಸ್ರು ಹೆಂಗಸ್ರು ಅಂತಿಲ್ಲ. ಅವ್ನು ಯಾವಾಗ್ಲೂ ಭಾನುವಾರದ ಫೈನಲ್‌ವರೆಗೆ ಉಳೀತಾನೆ. ನಾವೂ ಉಳೀಬೇಕು.”

“ನಾವಾ? ನಾವು ಶುಕ್ರವಾರ ಮಧ್ಯಾಹ್ನ ದಾಟಿದ್ದೇ ಇಲ್ವಲ್ಲೇ!”

“ಈ ಸಲ ದಾಟ್ತೀವಿ,” ಎಂದು ಕ್ಯಾರೆಟ್ಟನ್ನು ಅದೇನೋ ತಪ್ಪು ಮಾಡಿತ್ತು ಎಂಬಂತೆ ಕೊಚ್ಚಿದಳು.

ಹೀಗೆ ಶುರುವಾಯಿತು ನಮ್ಮ ಸುತ್ತಾಟ. ತಂಡದ ಉಳಿದಿಬ್ಬರು ಗುದ್ರುನ್ ಮತ್ತವಳ ನಾದಿನಿ ಥೋರಾ, ಗಿಮ್ಲಿ ಕಡೆಯ ಐಸ್‌ಲ್ಯಾಂಡಿನವರ ಪೈಕಿ. ಮಾತು ಕಡಿಮೆ, ತೋಳು ಗಟ್ಟಿ. ನಮ್ಮ ಕ್ಲಬ್ಬಿನಲ್ಲಿ ಅಭ್ಯಾಸಕ್ಕೆ ಐಸ್ ಸಿಗುತ್ತಿರಲಿಲ್ಲ, ಸಿಕ್ಕರೂ ಓರೆಸ್ಟ್‌ನ ಕಣ್ಣಿಗೆ ಬೀಳುವುದು ಸ್ಟೆಫಾಗೆ ಬೇಡವಾಗಿತ್ತು. ಹಾಗಾಗಿ ಊರಿನ ಯಾವ ಕ್ಲಬ್ಬಿನಲ್ಲಿ ಒಂದು ಗಂಟೆ ಖಾಲಿಯಿದ್ದರೂ ಅಲ್ಲಿಗೆ ಓಡಿದೆವು. ಎಲ್ಮ್‌ವುಡ್, ಟ್ರಾನ್ಸ್‌ಕೋನಾ, ನದಿಯಾಚೆ ಫ್ರೆಂಚರ ಸೇಂಟ್ ಬಾನಿಫೇಸ್. ಕಾರಿನ ಬಾಗಿಲು ಹೆಪ್ಪುಗಟ್ಟಿ ತೆರೆಯದ ದಿನ ಥೋರಾ ಹಿಂದಿನ ಡಿಕ್ಕಿಯಿಂದ ಒಳಗೆ ನುಸುಳಿದಳು. ಆಡಿ ಸುಸ್ತಾದ ಮೇಲೆ ಆ ಬೀದಿಯಲ್ಲಿ ಏನು ಚೆನ್ನಾಗಿ ಮಾಡುತ್ತಾರೋ ಅದನ್ನು ತಿನ್ನುವುದು. ಸೇಂಟ್ ಬಾನಿಫೇಸಿನಲ್ಲಿ ಒಣ ಬಟಾಣಿಯ ಗಟ್ಟಿ ಸೂಪು. ಮೇನ್ ಸ್ಟ್ರೀಟಿನ ಗ್ರೀಕನ ಅಂಗಡಿಯಲ್ಲಿ ಮಾಂಸದ ಗೊಜ್ಜು ಸುರಿದ ಬರ್ಗರ್. ಕೈ ಮುಂಗೈವರೆಗೂ ಸೋರಿದರೇ ಅದು ಸರಿಯಾದದ್ದು. ನಮ್ಮ ಕಡೆಯವರ ಹೋಟೆಲಿಗೆ ಕರೆದೊಯ್ದು ಅಕ್ಕಿ ಶಾವಿಗೆಯ ಪಾನ್ಸಿತ್ ತಿನ್ನಿಸಿದೆ. ಗುದ್ರುನ್ ಎರಡು ತಟ್ಟೆ ತಿಂದು, “ಪರ್ವಾಗಿಲ್ಲ” ಎಂದಳು. ಅವಳ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಪೆರೋಗಿ ಮಾರುವ ಕಡೆ ಮಾತ್ರ ಸ್ಟೆಫಾ ನಮ್ಮನ್ನು ಕರೆದುಕೊಂಡು ಹೋಗಲಿಲ್ಲ. ನಾವೂ ಕೇಳಲಿಲ್ಲ.

ಅವಳ ಎಡಮಂಡಿ ಸವೆದುಹೋಗಿತ್ತು. ಕಲ್ಲು ಬಿಡಲು ಕುಕ್ಕರಗಾಲಲ್ಲಿ ಜಾರುವಾಗ ಹಲ್ಲು ಕಚ್ಚುವ ಸದ್ದು ನನಗೆ ಕೇಳಿಸುತ್ತಿತ್ತು. ನಿಂತೇ ಕೋಲಿನಿಂದ ತಳ್ಳಬಹುದು, ವಯಸ್ಸಾದವರೆಲ್ಲ ಹಾಗೆಯೇ ಮಾಡುತ್ತಾರೆ ಎಂದೆ. “ಕೋಲು ಹಿಡಿದು ನನ್ನ ಅಣ್ಣನ ಮುಂದೆ ಹೋಗಲ್ಲ,” ಎಂದಳು. ಬಿದ್ದಳು, ಎದ್ದಳು, ಮತ್ತೆ ಬಿಟ್ಟಳು. ಹಟ ಎಂದರೆ ಹಟ. ಜನವರಿ ಕಳೆಯುವ ಹೊತ್ತಿಗೆ ಅವಳ ಕಲ್ಲು ಎಲ್ಲಿ ನಿಲ್ಲು ಎಂದರೆ ಅಲ್ಲಿ ನಿಲ್ಲತೊಡಗಿತು. ನನಗೆ ಸಂತೋಷಕ್ಕಿಂತ ಹೆದರಿಕೆಯಾಯಿತು. ಇಷ್ಟೆಲ್ಲ ಮಾಡಿಯೂ ಅವನು ಮೇಜಿನಲ್ಲಿ ಕೂತು ಸುಮ್ಮನೆ ಗೋಡೆ ನೋಡಿದರೆ?

ಪಂದ್ಯಾವಳಿಯ ಶುಕ್ರವಾರ ಗೆದ್ದೆವು. ಶನಿವಾರ ಬೆಳಿಗ್ಗೆ ಗೆದ್ದೆವು. ಮಧ್ಯಾಹ್ನ ಎದುರಾಳಿಯ ಕೊನೆಯ ಕಲ್ಲು ತಾನಾಗಿ ಮನೆ ದಾಟಿ ಹೋಗಿ ಅದನ್ನೂ ಗೆದ್ದೆವು. ಗೋಡೆಯ ಮೇಲಿನ ಪಟ್ಟಿಯಲ್ಲಿ ಭಾನುವಾರದ ಸಾಲಿಗೆ ನಮ್ಮ ನಾಯಕಿಯ ಹೆಸರು ಹತ್ತಿದಾಗ ಎದುರಿಗೆ ಹ್ರಿಂಚುಕ್ ಎಂದಿತ್ತು. ಹ್ರಿಂಚುಕ್ ವಿರುದ್ಧ ಹ್ರಿಂಚುಕ್. ಇಡೀ ಕ್ಲಬ್ ಸೂಪು ಬಿಟ್ಟು ಬಂದು ಅದನ್ನೇ ನೋಡಿತು. ಓರೆಸ್ಟ್ ತನ್ನ ಬದಲಿಗೆ ಬೇರೆಯವನನ್ನು ಕಳಿಸುತ್ತಾನೆ ಎಂದು ಗುಸುಗುಸು ಎದ್ದಿತು.

“ಬರ್ತಾನೆ,” ಎಂದಳು ಸ್ಟೆಫಾ. “ತಂಗಿಗೆ ಹೆದರಿ ಮನೇಲಿ ಕೂತ ಅನ್ನಿಸ್ಕೊಳ್ಳೋಕೆ ಅವ್ನ ಮೀಸೆ ಒಪ್ಪಲ್ಲ.”

ನಾನು ಅವಳನ್ನು ಬದಿಗೆ ಎಳೆದೆ. “ನೋಡು, ನಾವು ಸೋತ್ರೂ ಅವ್ನು ಕೂರ್ತಾನಲ್ವಾ? ಮಂಡಿ ಉಳಿಸ್ಕೋ. ನಾಳೆ ನಾಲ್ಕು ಕಲ್ಲು ಆಚೀಚೆ ಬಿಟ್ಟು ಮುಗ್ಸಿಬಿಡು.”

“ಬೇಕಂತ ಸೋತ್ರೆ ಅವ್ನಿಗೆ ಗೊತ್ತಾಗಲ್ವಾ? ಅಯ್ಯೋ ಪಾಪ ಅಂತ ಕೂರ್ತಾನೆ. ಅವ್ನ ಅಯ್ಯೋ ಪಾಪ ಯಾರಿಗೆ ಬೇಕು? ನಂಗೆ ಅಣ್ಣ ಬೇಕು ಕಣೇ.”

ಅವನು ಬಂದ. ಆಟಕ್ಕೆ ಮುಂಚೆ ಕೈ ಕುಲುಕಬೇಕಲ್ಲ, ಕೈಗವಸು ತೆಗೆಯದೆ ಕುಲುಕಿ ಅವಳ ಭುಜದಾಚೆ ಎಲ್ಲೋ ನೋಡಿದ. ಹೇಳಬೇಕಾದ ‘ಚೆನ್ನಾಗಿ ಆಡಿ’ ಎಂಬ ಮಾತನ್ನು ಗಂಟಲಲ್ಲೇ ನುಂಗಿದ. ನನಗೆ ಮೈ ಉರಿಯಿತು. ಸ್ಟೆಫಾ ಮಾತ್ರ ಮೊದಲ ಕಲ್ಲಿಗೆ ಬಾಗಿದಳು.

ಅಂಥ ಆಟವನ್ನು ನಾನು ಮತ್ತೆ ಆಡಿಲ್ಲ. ಅವರು ಒಂದು ಅಂಕ ಪಡೆದರೆ ನಾವೊಂದು. ಗಾಜಿನ ಹಿಂದೆ ಜನ ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದರು. ಆಟದ ಕೊನೆಯ ಸರದಿಗೆ ಸಮಸಮ. ಓರೆಸ್ಟ್‌ನ ಒಂದು ಕಲ್ಲು ನಡುವಿನ ಸುತ್ತಿನ ಅಂಚಿನಲ್ಲಿ ಕೂತಿತ್ತು. ಉಳಿದದ್ದು ಸ್ಟೆಫಾಳ ಕೊನೆಯ ಕಲ್ಲು. ಅದಕ್ಕಿಂತ ಹತ್ತಿರ ನಿಂತರೆ ನಮ್ಮದು, ಇಲ್ಲದಿದ್ದರೆ ಅವರದು.

ಅವಳು ಬಿಟ್ಟಳು. ಥೋರಾ ಮತ್ತು ನಾನು ಉಜ್ಜುತ್ತ ಓಡಿದೆವು. ಮೊದಲು ನಿಧಾನವೆನಿಸಿತು, ಉಜ್ಜಿದೆವು, ಆಮೇಲೆ “ಸಾಕು! ಸಾಕು!” ಎಂದು ಸ್ಟೆಫಾ ಕಿರುಚಿದಳು, ಪೊರಕೆ ಎತ್ತಿದೆವು. ಕಲ್ಲು ಮನೆಯೊಳಗೆ ತೆವಳಿತು, ಓರೆಸ್ಟ್‌ನ ಕಲ್ಲನ್ನು ಸವರದೆ ದಾಟಿತು, ಮನೆಯನ್ನು ಅಡ್ಡಲಾಗಿ ಸೀಳುವ ನಡುಗೆರೆಯ ಮೇಲೆ ಇನ್ನೇನು ನಿಂತೇಬಿಡುತ್ತದೆ ಎನ್ನುವಷ್ಟು ಮೆಲ್ಲಗಾಯಿತು. ಆದರೆ ಆ ಗೆರೆ ದಾಟಿದ ಕಲ್ಲನ್ನು ಎದುರಾಳಿಯ ನಾಯಕನೂ ಉಜ್ಜಬಹುದು, ಅದು ನಿಲ್ಲದೆ ನಡುವಿನಿಂದಾಚೆಗೆ ಜಾರಿಹೋಗಲಿ ಎಂದು. ಓರೆಸ್ಟ್ ಅಲ್ಲೇ ಕಾಯುತ್ತಿದ್ದ. ಕಲ್ಲು ಗೆರೆ ದಾಟಿತೋ ಇಲ್ಲವೋ, ಪೊರಕೆಯ ಮೇಲೆ ಮೈಭಾರವನ್ನೆಲ್ಲ ಹೇರಿ ಉಜ್ಜಿದ. ಆ ವಯಸ್ಸಿನಲ್ಲಿ ಅಷ್ಟು ರಭಸ ಬೇಡವಾಗಿತ್ತು. ಮುಖ ಬೀಟ್‌ರೂಟ್ ಆಗಿತ್ತು. ಕಲ್ಲು ಒಂದು ಗೇಣು, ಮತ್ತೊಂದು ಗೇಣು ಜಾರಿ ನಿಂತಿತು. ಅವನದೇ ಹತ್ತಿರ. ನಾವು ಸೋತೆವು.

ನನಗೆ ಅಳು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಸ್ಟೆಫಾ ಕುಂಟುತ್ತ ಐಸಿನ ಆ ತುದಿಯಿಂದ ಬಂದಳು. ಅವಳ ಮುಖದಲ್ಲಿ ನಗು.

“ನೋಡಿದ್ಯಾ ಲೂ? ಹೇಗೆ ಉಜ್ಜಿದ! ನನ್ನ ಲೆಕ್ಕಕ್ಕೆ ತಗೊಂಡ. ಸುಮ್ನೆ ಬಿಟ್ಟಿದ್ರೆ ಅಲ್ಲೇ ತಲೆ ಒಡೀತಿದ್ದೆ.”

ಮೇಲೆ ಉದ್ದನೆಯ ಮೇಜಿಗೆ ಎಂಟು ಜನ ಕೂತೆವು. ಅಣ್ಣ ತಂಗಿ ಎದುರುಬದುರು. ಓರೆಸ್ಟ್ ತನ್ನ ತಂಡದವನ ಕಡೆ ತಿರುಗಿ, “ಅವ್ರಿಗೆ ಏನ್ ಬೇಕಂತೆ ಕೇಳು,” ಎಂದ.

ನನ್ನ ತಾಳ್ಮೆ ತಪ್ಪಿತು. “ಇಲ್ಲಿ ನಾಯಕ ನಾಯಕಿಯನ್ನ ಕೇಳ್ಬೇಕು ಓರೆಸ್ಟ್. ಪದ್ಧತಿ ಎಲ್ರಿಗೂ ಕಲಿಸೋರು ನೀವೇ. ಮರ್ತಿದ್ರೆ ನಾನು ನೆನಪು ಮಾಡ್ಲಾ?”

ಪಕ್ಕದ ಮೇಜುಗಳಲ್ಲಿ ಚಮಚದ ಸದ್ದು ನಿಂತಿತು. ಅವನು ಕೈಗವಸು ತೆಗೆದು ಮೇಜಿನ ಮೇಲಿಟ್ಟ. ಮೇಜಿನ ಮರವನ್ನೇ ನೋಡುತ್ತ ಕೇಳಿದ:

“ಏನ್ ಕುಡೀತೀಯ?”

“ಟೀ. ಒಂದು ಪೂರ್ತಿ ಪಾಟು, ಕುದಿಯೋ ಹಾಗಿರ್ಲಿ. ಎರಡು ಕಪ್ಪು,” ಎಂದಳು ಸ್ಟೆಫಾ. ಅಲ್ಲಿ ಎಲ್ಲರೂ ಬಿಯರ್ ಕುಡಿಯುವವರು. ಯಾಕೆ ಟೀ ಎಂದು ಮೊದಲು ಅರ್ಥವಾದದ್ದು ಗುದ್ರುನ್‌ಗೆ. ಅವಳು ಲೋಟದೊಳಗೇ ನಕ್ಕಳು. ಅಷ್ಟು ಬಿಸಿ ಟೀ ಖಾಲಿಯಾಗಬೇಕಾದರೆ ಓರೆಸ್ಟ್ ಸಾಕಷ್ಟು ಹೊತ್ತು ಕೂರಲೇಬೇಕಿತ್ತು.

ನಾವು ಆರು ಜನ ನಮ್ಮ ನಮ್ಮಲ್ಲಿ ಹವೆಯ ಮಾತಾಡುವವರಂತೆ ನಟಿಸಿದೆವು. ಒಂದೊಂದು ಕಿವಿಯೂ ಅತ್ತಲೇ. ಸ್ಟೆಫಾ ಒಂದು ಕಪ್ಪನ್ನು ಅವನ ಮುಂದೆ ತಳ್ಳಿದಳು. ಊದಿ ಊದಿ ಕುಡಿದಳು. ಅವನು ಕುಡಿಯಲಿಲ್ಲ. ಕಪ್ಪನ್ನು ಅಂಗೈಗಳ ನಡುವೆ ಹಿಡಿದು ತಿರುಗಿಸಿದ. ಆಮೇಲೆ ಯಾರಿಗೂ ಅಲ್ಲವೆಂಬಂತೆ ಹೇಳಿದ:

“ಆ ಶುಕ್ರವಾರ ಅಮ್ಮನ ಬದ್ಲು ಒಲೆ ಹತ್ರ ನಾನು ನಿಲ್ತೀನಿ ಅಂತ ಒಪ್ಪಿದ್ದೆ. ಅವ್ಳಿಗೆ ಮಾತು ಕೊಟ್ಟಿದ್ದೆ. ಇಲ್ಲಿ ನಮ್ಮ ತಂಡಕ್ಕೆ ಒಬ್ಬ ಕಮ್ಮಿ ಬಿದ್ದ, ಆಡೋಕೆ ಬಂದ್ಬಿಟ್ಟೆ.”

“ಗೊತ್ತು,” ಎಂದಳು ಸ್ಟೆಫಾ.

ಅವನು ತಲೆಯೆತ್ತಿದ. ಅಂದು ಮೊದಲ ಸಲ ತಂಗಿಯ ಮುಖವನ್ನು ನೇರ ನೋಡಿದ.

“ಗೊತ್ತಿತ್ತಾ?”

“ಅಮ್ಮ ಬೆಳಿಗ್ಗೇನೇ ಹೇಳಿದ್ಲು. ಇವತ್ತು ಓರೆಸ್ಟ್ ಬರ್ತಾನೆ, ನಾನು ಕೂತು ಕಾಲು ಚಾಚ್ತೀನಿ ಅಂತ. ಖುಷಿಯಾಗಿದ್ಲು.”

“ಅಷ್ಟು ಜನದ ಮುಂದೆ ನಾನು ತಪ್ಪನ್ನ ನಿನ್ನ ಮೇಲೆ ಹಾಕ್ದೆ,” ಎಂದ ಅವನು. ಆ ದೊಡ್ಡ ದೇಹ ಕುರ್ಚಿಯಲ್ಲಿ ಚಿಕ್ಕದಾಗಿ ಕಂಡಿತು. “ನೀನು ಆವತ್ತೇ ಎದ್ದು ಹೇಳ್ಬಹುದಿತ್ತು. ಆವತ್ತು ಬೇಡ, ಆಮೇಲಾದ್ರೂ ಹೇಳ್ಬಹುದಿತ್ತು. ನನಗೊಬ್ಬನಿಗೇ. ಯಾಕೆ ಹೇಳ್ಲಿಲ್ಲ ಸ್ಟೆಫಾ?”

ಸ್ಟೆಫಾ ಕಪ್ಪನ್ನು ಕೆಳಗಿಟ್ಟಳು.

“ಅಷ್ಟು ಜನದ ಮುಂದೆ ಹೇಳೋ ಮಾತಾ ಅದು? ಆಮೇಲೆ ಹೇಳೋಕೆ ನೀನು ಕೂತ್ರೆ ತಾನೇ?”