ಮಿನಾರ್ತಿ ಮುಟ್ಟದ ಬೆರಳು

ನನ್ನ ಹೆಂಡತಿ ಮಿನಾರ್ತಿಗೆ ಕೂತಲ್ಲಿ ಕೂರಲು ಬರುವುದಿಲ್ಲ. ಜಾವಾದ ಸೋಲೊ ಊರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಸೊತೊ ಸಾರು ಮಾರಿ ಬದುಕುತ್ತಿದ್ದೇನೆ. ಕಟ್ಟಿಕೊಂಡವಳು ಒಂದು ದಿನವಾದರೂ ಆ ಸಾರನ್ನು ಬಿಸಿಯಿರುವಾಗ ಕುಡಿದು ಮುಗಿಸಿದ್ದಿಲ್ಲ. ಎರಡು ಚಮಚ ಕುಡಿಯುತ್ತಾಳೆ, ಏನೋ ನೆನಪಾಗುತ್ತದೆ, ಎದ್ದು ಹೋಗುತ್ತಾಳೆ. ಮಧ್ಯಾಹ್ನ ನಾನು ಕೊಂಚ ಅಡ್ಡಾದರೆ ಬಂದು ಪಾದ ಹಿಡಿದು, ಹೆಬ್ಬೆರಳು ಮೇಲಕ್ಕೆತ್ತಿ ಮಾಸ್ ಎನ್ನುತ್ತಾಳೆ, ನಮ್ಮ ಕಡೆ ಗಂಡನನ್ನು ಹಾಗೆ ಕರೆಯುತ್ತಾರೆ. ಎತ್ತಿ ತೋರಿಸದಿದ್ದರೆ ನಿದ್ದೆಗೆ ಕಲ್ಲು ಬಿದ್ದಂತೆಯೇ. ಮೊದಲು ಹೀಗಿರಲಿಲ್ಲ ಎಂದೇನೂ ಹೇಳಲಾರೆ, ಆದರೆ ಈ ಹೆಬ್ಬೆರಳಿನ ಕಾಟ ಶುರುವಾದದ್ದು ಪಲುಪಿ ಬಂದ ಮೇಲೆ.

ನನ್ನ ಅಂಗಡಿಯ ಹಿಂದೆ ಒಂದು ಮೂಳೆ ಆಸ್ಪತ್ರೆಯಿದೆ. ಅಲ್ಲಿ ಸೊಟ್ಟಗಾದ ಬೆನ್ನನ್ನು ಸಲಾಕೆ, ತಿರುಪುಮೊಳೆ ಹಾಕಿ ನೆಟ್ಟಗೆ ಮಾಡುತ್ತಾರೆ. ಮಿನಾರ್ತಿಗೆ ಅಲ್ಲೇ ಕೆಲಸ, ಆಪರೇಷನ್ ನಡೆಯುವಾಗ ರೋಗಿಯ ನೆತ್ತಿಗೂ ಕಾಲಿಗೂ ಸೂಜಿ ಚುಚ್ಚಿ, ನೆತ್ತಿಯಿಂದ ಸಣ್ಣಗೆ ಕರೆಂಟು ಬಿಡುತ್ತಾಳೆ. ಕಾಲಿನ ಸ್ನಾಯು ಅದಕ್ಕೆ ಓಗೊಟ್ಟರೆ ತೆರೆಯ ಮೇಲೆ ಅಲೆ ಏಳುತ್ತದೆ. ಅಲೆ ಬಿದ್ದುಹೋದರೆ ನರಕ್ಕೆ ಅಪಾಯ, ಕೂಡಲೇ ಸರ್ಜನ್‌ಗೆ ಹೇಳಬೇಕು. ಕೇಳಲು ಸುಲಭ. ಅರಿವಳಿಕೆ ಹೆಚ್ಚಾದರೂ ಅಲೆ ಕುಗ್ಗುತ್ತದೆ, ರಕ್ತದೊತ್ತಡ ಇಳಿದರೂ ಕುಗ್ಗುತ್ತದೆ, ತಂತಿ ಸಡಿಲವಾದರೂ ಕುಗ್ಗುತ್ತದೆ. ಸುಮ್ಮಸುಮ್ಮನೆ ಕೂಗಿದರೆ ಬೈಗುಳ, ಕೂಗದಿದ್ದರೆ ಯಾರದೋ ಕಾಲು.

ಪಲುಪಿ ವೊನೊಗಿರಿ ಕಡೆಯ ಹದಿನೈದರ ಹುಡುಗಿ. ಅಪ್ಪ ತುಕಿಜಾನ್ ತೋಫು ಕರಿದು ಮಾರುವವನು, ನಮ್ಮ ಅಂಗಡಿಯಲ್ಲಿ ಊಟಕ್ಕೆ ಕೂತರೂ ಬೆಂಚಿನ ಅಂಚಿನಲ್ಲೇ ಕೂರುತ್ತಿದ್ದ. ಸಂಕೋಚದಲ್ಲಿ ಮಗಳು ಅವನಿಗಿಂತ ಒಂದು ಕೈ ಮೇಲು. ಬೆನ್ನು ಎಸ್ ಅಕ್ಷರದಂತೆ ತಿರುಚಿಕೊಂಡಿದ್ದರೂ, ನೋವಿದೆಯಾ ಎಂದವರಿಗೆಲ್ಲ ನಕ್ಕು ಇಲ್ಲ ಎನ್ನುತ್ತಿದ್ದಳು.

ಆಪರೇಷನ್ ದಿನ ಸಂಜೆ ಮಿನಾರ್ತಿ ಅಂಗಡಿಗೆ ಬಂದು, ಒರೆಸಿದ ಮೇಜನ್ನೇ ಮತ್ತೆ ಒರೆಸತೊಡಗಿದಳು. ಏನಾಯಿತೆಂದು ಕೇಳಿದೆ. ಎಡಗಾಲಿನ ಅಲೆ ಸ್ವಲ್ಪ ಕುಗ್ಗಿತ್ತಂತೆ. ಅರಿವಳಿಕೆಯವರು ರಕ್ತದೊತ್ತಡ ಏರಿಸಿದಾಗ ಮೇಲೆ ಬಂತು, ಆದರೆ ಮೊದಲಿನಷ್ಟು ಬರಲಿಲ್ಲ. ಎಚ್ಚರಿಸಬೇಕಾದ ಗೆರೆಯನ್ನೂ ಅದು ಮುಟ್ಟಿರಲಿಲ್ಲ. ಸರ್ಜನ್ ಪ್ರಸೊಜೊ ಕೇಳಿದಾಗ ಸರಿಯಿದೆ ಡಾಕ್ಟರ್ ಎಂದಳಂತೆ. ಎಚ್ಚರವಾದ ಮೇಲೆ ಹುಡುಗಿ ಎರಡೂ ಪಾದ ಅಲ್ಲಾಡಿಸಿದ್ದೂ ಆಯಿತು. ಮತ್ತಿನ್ನೇನು ಚಿಂತೆ ಎಂದೆ. ಅವಳು ಉಪ್ಪಿನ ಡಬ್ಬಿಗಳನ್ನು ಸಾಲಾಗಿ ಜೋಡಿಸಿದಳು.

ಮರುದಿನ ಮಧ್ಯಾಹ್ನ ತುಕಿಜಾನ್‌ಗೆ ಸಾರು ಕೊಡಲು ವಾರ್ಡಿಗೆ ಹೊರಟರೆ ಇವಳೂ ಬಂದಳು. ವಾರ್ಡಿನಲ್ಲಿ ಇವಳಿಗೇನೂ ಕೆಲಸವಿಲ್ಲ. ತಂತಿ ಬಿಚ್ಚಿದರೆ ಅವಳ ಪಾಲು ಮುಗಿಯಿತು. ಬೆಳಗ್ಗೆ ಡಾಕ್ಟರು ಬಂದು ಹೋದರು, ಎಲ್ಲ ಚೆನ್ನಾಗಿದೆ ಎಂದು ತುಕಿಜಾನ್ ಕೈಮುಗಿದ. ಪಲುಪಿಯೂ ನಕ್ಕಳು. ಮಿನಾರ್ತಿ ಹೊದಿಕೆ ಸರಿಸಿ, ಹುಡುಗಿಗೆ ಕಣ್ಣು ಮುಚ್ಚಲು ಹೇಳಿದಳು. ಬಲ ಹೆಬ್ಬೆರಳು ಹಿಡಿದು ಗೊತ್ತಾಗುತ್ತಿದೆಯಾ ಎಂದಳು. ಹೂಂ. ಎಡ ಹೆಬ್ಬೆರಳು ಹಿಡಿದಳು. ಹೂಂ. ಆಮೇಲೆ ಎರಡೂ ಕೈಗಳನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

"ಈಗ ಎಡಗಾಲಿನ ಹೆಬ್ಬೆರಳು ಗಟ್ಟಿಯಾಗಿ ಒತ್ತುತಾ ಇದೀನಿ ಮರಿ. ಗೊತ್ತಾಗ್ತಿದ್ಯಾ?"

"ಹೂಂ ಅಮ್ಮಾ, ಚೆನ್ನಾಗ್ ಗೊತ್ತಾಗ್ತಿದೆ."

ನಾನು ಸಾರಿನ ಬಟ್ಟಲು ಕೆಳಗಿಟ್ಟೆ. ಮಿನಾರ್ತಿ ಕಣ್ಣು ತೆರೆಸಿ, ಹೆಬ್ಬೆರಳುಗಳನ್ನು ಮೇಲಕ್ಕೆತ್ತಲು ಹೇಳಿದಳು. ಬಲದ್ದು ಎದ್ದಿತು. ಎಡದ್ದು ಏಳಲಿಲ್ಲ. ಯಾವಾಗಿನಿಂದ ಹೀಗೆ ಎಂದು ಕೇಳಿದ್ದಕ್ಕೆ ಹುಡುಗಿ ತಪ್ಪು ಮಾಡಿದವಳಂತೆ ತಲೆ ತಗ್ಗಿಸಿ, ಎಚ್ಚರವಾದಾಗಿನಿಂದ ಎಂದಳು. ಅಷ್ಟು ದೊಡ್ಡ ಡಾಕ್ಟರು ಆರು ಗಂಟೆ ನಿಂತು ದುಡಿದಿದ್ದಾರೆ, ಅವರ ಮನಸ್ಸಿಗೆ ಬೇಜಾರು ಮಾಡುವುದು ಹೇಗೆ ಎಂದು ಸುಮ್ಮನಿದ್ದಳಂತೆ. ನಮ್ಮ ಜಾವಾದ ದಾಕ್ಷಿಣ್ಯಕ್ಕೆ ಬೆಂಕಿ ಹಾಕ!

ಮೊಗಸಾಲೆಯಲ್ಲಿ ಮಿನಾರ್ತಿ ಫೋನು ಹಿಡಿದು ನಿಂತಳು, ಬೆರಳು ಒತ್ತಲಿಲ್ಲ. ನಾನು ದಡ್ಡ, ಆಗ ಆಡಿದ ಮಾತಿಗೆ ಈಗಲೂ ನಾಚಿಕೆಯಾಗುತ್ತದೆ.

"ಬೆಳಗ್ಗೆ ಡಾಕ್ಟರೇ ನೋಡಿ ಹೋಗಿದಾರೆ ಕಣೇ. ನಡುವೆ ನಿಂದ್ಯಾಕೆ ಅಧಿಕಪ್ರಸಂಗ?"

"ಸರಿಯಿದೆ ಅಂದಿದ್ದು ನಾನು ಮಾಸ್. ನನಗೆ ಪೂರ್ತಿ ನಂಬಿಕೆ ಇರ್ಲಿಲ್ಲ. ಆದ್ರೂ ಅಂದೆ."

ಫೋನು ಒತ್ತಿದಳು. ಪ್ರಸೊಜೊ ರೇಗಿದರು, ನನಗೂ ಕೇಳಿಸಿತು. ಆದರೆ ಅರ್ಧ ಗಂಟೆಯಲ್ಲಿ ಬಂದರು. ಸ್ಕ್ಯಾನ್ ಮಾಡಿಸಿದರೆ, ಸೊಂಟದ ಹತ್ತಿರದ ಒಂದು ಮೊಳೆ ನರದ ಬೇರಿಗೆ ಒತ್ತಿಕೊಂಡು ಕೂತಿತ್ತು. ಕಾಲಿನ ಒಂದೊಂದು ಸ್ನಾಯುವಿಗೂ ಎರಡು ಮೂರು ನರದ ಬೇರುಗಳಿಂದ ಎಳೆಗಳು ಬರುತ್ತವಂತೆ. ಒಂದು ನಲುಗಿದರೂ ಉಳಿದವು ಅಲೆ ಎಬ್ಬಿಸುತ್ತವೆ, ತೆರೆ ನೋಡುವವರಿಗೆ ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ. ಇದನ್ನು ಡಾಕ್ಟರೇ ತುಕಿಜಾನ್‌ಗೆ ವಿವರಿಸಿದರು, ಕ್ಷಮೆಯನ್ನೂ ಕೇಳಿದರು. ಅವನು ಅದಕ್ಕೂ ಕೈಮುಗಿದ.

ಮೊಳೆ ತೆಗೆಯಲು ಅವತ್ತೇ ಒಳಗೆ ಒಯ್ದರು. ಬಾಗಿಲ ಹತ್ತಿರ ಹುಡುಗಿ ಮಿನಾರ್ತಿಯ ಕೈ ಹಿಡಿದು, ಈ ಸಲ ನಿಮ್ಮ ಮಷೀನಿಗೆ ಗೊತ್ತಾಗುತ್ತಾ ಎಂದು ಕೇಳಿದಳಂತೆ. ಗೊತ್ತಾಗದೆಯೂ ಇರಬಹುದು, ಆಮೇಲೆ ನೀನೇ ನನಗೆ ಹೇಳಬೇಕು, ಎಂದಳಂತೆ ಇವಳು.

ಎಚ್ಚರವಾದಾಗ ಕಾಲು ಹೇಗಿದೆ ಎಂದು ಪ್ರಸೊಜೊ ಕೇಳಿದರು. ಪಲುಪಿ ಅಪ್ಪನ ಮುಖ ನೋಡಿದಳು, ಮಿನಾರ್ತಿಯ ಮುಖ ನೋಡಿದಳು.

"ಸರಿ ಇಲ್ಲ ಡಾಕ್ಟರ್. ಮೊದಲಿನ ಹಾಗೇ ಇದೆ."

ತುಕಿಜಾನ್ ಗಾಬರಿಯಿಂದ ಮಗಳ ಪರವಾಗಿ ಕ್ಷಮೆ ಕೇಳಲು ಹೊರಟ. ಮಿನಾರ್ತಿ ಅವನನ್ನು ತಡೆದು, ಎಲ್ಲರೆದುರೇ ಅತ್ತಳು.

ಐದು ತಿಂಗಳಾಯಿತು. ಪಾದ ಜೋಲದಂತೆ ಪಟ್ಟಿ ಕಟ್ಟಿಕೊಂಡು, ನೆಟ್ಟಗಿನ ಬೆನ್ನಿನಲ್ಲಿ ಪಲುಪಿ ಶಾಲೆಗೆ ಹೋಗುತ್ತಾಳೆ. ನರ ಚಿಗುರಲು ವರ್ಷವೂ ಆಗಬಹುದು, ಚಿಗುರದೆಯೂ ಇರಬಹುದು. ಪ್ರತಿ ಶುಕ್ರವಾರ ಹೆಬ್ಬೆರಳಿನ ವಿಡಿಯೋ ಕಳಿಸುತ್ತಾಳೆ. ಮೊನ್ನೆಯದನ್ನು ಮಿನಾರ್ತಿ ನಾಲ್ಕು ಸಲ ನೋಡಿ, ಫೋನು ನನ್ನ ಮುಂದೆ ಹಿಡಿದಳು.

"ಅಲುಗ್ತಾ? ಸಮಾಧಾನಕ್ಕೆ ಹೇಳ್ಬೇಡಿ ಮಾಸ್."

ಹೂಂ ಎನ್ನಲು ಬಾಯಿ ತೆರೆದಿದ್ದೆ. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದೆ. ಅಲುಗಿರಲಿಲ್ಲ. ಹಾಗೆಂದೇ ಹೇಳಿದೆ. ತನಗೂ ಹಾಗೇ ಕಂಡಿತು ಎಂದಳು. ಆಮೇಲೆ ಮುಂದಿನ ಶುಕ್ರವಾರ ಮತ್ತೆ ಕಳಿಸು ಮರಿ ಎಂದು ಹುಡುಗಿಗೆ ಬರೆದಳು.