ಗರಿಕಡ್ಡಿಯ ಅಳತೆ

ಎದುರುಮನೆಯಲ್ಲಿ ಹಲಸಿನ ಹಲಗೆ ಕೀಸುತ್ತಿದ್ದಾರೆ. ಆ ಸಿಹಿ ವಾಸನೆಗೆ ನಾನು ಮತ್ತೆ ಶೆಟ್ಟಿಕೆರೆಯ ತೋಟದ ಹಾದಿಯಲ್ಲಿದ್ದೇನೆ.

ಅಜ್ಜಿಯ ಕಾಯಿ ತುರಿಯುವ ಮಣೆ ಸೀಳಿಹೋಗಿತ್ತು. ಆಗಿನ್ನೂ ಚಿಕ್ಕವಳಾಗಿದ್ದ ನನ್ನನ್ನು ಕೂರಿಸಿ, ಅಜ್ಜಿ ನನ್ನ ಸೊಂಟದಿಂದ ಮಂಡಿಯವರೆಗೆ ತೆಂಗಿನ ಗರಿಕಡ್ಡಿ ಹಿಡಿದು ಮುರಿದಳು. "ಆಚಾರಿಗೆ ಕೊಡು. ಹೊಸ ಮಣೆ ಇದೇ ಅಳತೆಗಿರ್ಲಿ ಅನ್ನು."

ಗಾಳಿಗೆ ಬಳುಕುವ ಕಡ್ಡಿ ಹಿಡಿದು ಬಿಸಿಲು ನೆರಳು ದಾಟುತ್ತಾ ಹೋದೆ. ಕೀಸಿದ ಹಲಸಿನ ಮರದ ಹಳದಿ ಸುರುಳಿಗಳ ನಡುವೆ ಕೂತಿದ್ದ ಆಚಾರಿ ನಕ್ಕರು. "ಇಷ್ಟು ಚಿಕ್ಕ ಮಣೆ ಮೇಲೆ ನಿಮ್ಮಜ್ಜಿ ಹೆಂಗವ್ವ ಕೂರ್ತಾರೆ?"

ಸಂಜೆ ಮಣೆ ತಂದು ಅದನ್ನೇ ಕೇಳಿದೆ.

"ನಂಗೆ ಮಂಡಿ ಮಡಚಾಕಾಗಲ್ಲ ಕಣೇ. ಇನ್ಮೇಲೆ ನೀನೇ ಕೂರು," ಎಂದು ಅಜ್ಜಿ ಹಿಂದಿನಿಂದ ನನ್ನ ಕೈ ಹಿಡಿದು ಮೊದಲ ಹೋಳು ತುರಿಸಿದಳು.

ಈಗ ನನ್ನ ಮಂಡಿಯೂ ನೋಯುತ್ತಿದೆ. ಅಂಗಳದಲ್ಲಿ ಬಿದ್ದಿದ್ದ ಗರಿಯಿಂದ ಕಡ್ಡಿ ಕಿತ್ತು ಮೊಮ್ಮಗಳನ್ನು ಕರೆದೆ.

"ಬಾರೇ, ಅಲ್ಲಾಡದೆ ಕೂತ್ಕ."