ತುಳಸಿ ಕಟ್ಟ್ಯಾಗಿನ ಪುದೀನಾ

ಆಗಿನ್ನೂ ಗಡಹಿಂಗ್ಲಜ ಕಡೆ ಪಾವರ್‌ಲೂಮ್ ಅಪರೂಪ. ಒಬ್ಬರ ಮನ್ಯಾಗ ಮಗ್ಗ ಕೆಟ್ಟು ನಿಂತಿತ್ತು, ರಿಪೇರಿಗಂತ ಇಚಲಕರಂಜಿಯಿಂದ ನನ್ನನ್ನ ಕಳಿಸಿದ್ದರು. ಮಗ್ಗ ನೆಟ್ಟಗಾತು, ನನ್ನ ತಲಿ ಕೆಟ್ಟಿತು.

ಎಣ್ಣಿ ಕೈ ತೊಳಕೊಳ್ಳಾಕ ಹಿತ್ತಲಕ್ಕ ಹೋದೆ. ತುಳಸಿ ಕಟ್ಟ್ಯಾಗ ಬೆರಳಿಡಾಕ ಜಾಗ ಇಲ್ಲದಂಗ ಪುದೀನಾ ಹಬ್ಬಿತ್ತು. ನಡುವ ತುಳಸಿ ಒಣಗಿದ ಕಡ್ಡಿಹಂಗ ನಿಂತಿತ್ತು. ತಡೀಲಾರದೆ ಪುದೀನಾ ಕೀಳಾಕ ಕೈ ಹಾಕಿದೆ.

ಮನಿ ಹಿರಿಯಾಕಿ, ಒಬ್ಬಾಕಿ ಮುದುಕಿ ಆಯಿ, ಓಡಿ ಬಂದಳು.

"ಮುಟ್ಟಬ್ಯಾಡೋ ತಮ್ಮಾ! ಕಟ್ಟ್ಯಾಗ ತಾನಾಗೇ ಹುಟ್ಟಿದ್ದು ದೇವರದು. ಕೀಳಬಾರದು, ತಿನ್ನಬಾರದು."

"ಆಯಿ, ಪುದೀನಾ ಭಾಳ ಹಾವಳಿ ಗಿಡ ರೀ. ನಾ ನಮ್ಮ ಮನ್ಯಾಗ ಒಡಕ ಕೊಡದಾಗ ಹಚ್ಚೇನಿ, ಹೊರಗ ಬೇರು ಬಿಡಗೊಟ್ಟಿಲ್ಲ. ಇದನ್ನೂ ಬ್ಯಾರೆ ಹಚ್ಚರಿ. ಇಲ್ಲಂದ್ರ ತುಳಸಿ ಸಾಯತೈತಿ."

"ಅದರ ಆಯುಷ್ಯ ಅದಕ್ಕ ಬಿಡು," ಅಂದು ಆಯಿ ತಂಬಗಿ ತಗೊಂಡು ತುಳಸಿ ಕಟ್ಟಿಗೆ ನೀರು ಹಾಕಿದಳು. ಅಷ್ಟೂ ನೀರು ಪುದೀನಾ ಕುಡೀತು. ಆಮ್ಯಾಲೆ ಆಯಿ ಕೈಮುಗಿದು ಅದನ್ನೇ ಸುತ್ತು ಹಾಕಿದಳು! ನನ್ನ ಮೈಯೆಲ್ಲಾ ಉರದು ಹೋತು. ಪೂಜಾ ತುಳಸಿದು, ಹೊಟ್ಟಿ ತುಂಬೂದು ಪುದೀನಾದ್ದು. ಇದೆಲ್ಲಿ ನ್ಯಾಯ?

ಮಧ್ಯಾಹ್ನ ಊಟಕ್ಕ ಕೂಡಿಸಿ ರೊಟ್ಟಿ ಜೋಡಿ ಹಸರ ಚಟ್ನಿ ಬಡಿಸಿದಳು. ಘಮಾಘಮಾ ಅಂತಿತ್ತು.

"ಇದು ಪುದೀನಾ ಚಟ್ನಿ ಅಲ್ಲೇನ್ರಿ, ಆಯಿ?"

"ಹೌದಪ್ಪಾ. ಸಂತ್ಯಾಗಿಂದ ತರಿಸೇನಿ. ನಮ್ಮ ಮನ್ಯಾಗ ಪುದೀನಾ ಎಲ್ಲಿಂದ ಬರಬೇಕು?"

ಸಿಟ್ಟಿನ್ಯಾಗ ಎರಡು ರೊಟ್ಟಿ ಜಾಸ್ತಿ ತಿಂದೆ. ಹಿತ್ತಲದಾಗ ತುಳಸಿ ಮಾತ್ರ ಉಪವಾಸ ಇತ್ತು.